ಅರ್ಧ ಕಾಪಿಯಾದ ಫೋಟೊ, ಬೇರೆಯವರ ಮದುಮಗಳು: ಕಡತ ಓದುವ ಲೈಬ್ರರಿಗಳನ್ನು ಏನು ಮಾಡೋಣ?

ಶಿವರಾಂಪೇಟೆ ನಿವಾಸಿ

ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಕೆಲವು ಮುದ್ರಣಾಲಯಗಳು ಬಳಸುವ ಒಂದು ಸಣ್ಣ ತಂತ್ರಾಂಶ ಈಚೆಗೆ ನಮ್ಮ ತಂಡದ ಕೈಗೆ ಬಂದಿದೆ. ಗಿರಾಕಿ ತಂದ ಫೋಟೊ, ಪಿಡಿಎಫ್, ಫಾಂಟುಗಳನ್ನು ತೆಗೆದುಕೊಂಡು ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸ್‌ಗಳ ಮಾದರಿ ಪುಟ ತಯಾರಿಸುವುದು ಅದರ ಕೆಲಸ. ಸಿ++ನಲ್ಲಿದೆ. ಬಿಎಂಪಿ ಎಂಬ ಚಿತ್ರ ಸ್ವರೂಪವನ್ನು ಓದುವ ಭಾಗವನ್ನು ಮೊದಲಿನವರು ತಾವೇ ಬರೆದಿದ್ದಾರೆ. ಉಳಿದದ್ದಕ್ಕೆ ಎಲ್ಲರೂ ಬಳಸುವ ಲಿಬ್‌ಪಿಎನ್‌ಜಿ, ಲಿಬ್‌ವೆಬ್‌ಪಿ, ಫ್ರೀಟೈಪ್ ಮುಂತಾದ ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಹಳೆಯ ಆವೃತ್ತಿಗಳನ್ನು ಒಳಗೇ ಸೇರಿಸಿ ಕಟ್ಟಿದ್ದಾರೆ.

ಮಂಡ್ಯದ ಒಂದು ಅಂಗಡಿಯಿಂದ ದೂರು ಬಂತು. ಪೆನ್‌ಡ್ರೈವ್‌ನಿಂದ ಅರ್ಧ ಕಾಪಿಯಾಗಿ ನಿಂತುಹೋದ ವರನ ಫೋಟೊ ಒಂದನ್ನು ತೆರೆದಾಗ ಪರದೆಯ ಮೇಲೆ ಕೆಳಗಿನ ಅರ್ಧ ವರನ ರೇಷ್ಮೆ ಪಂಚೆ, ಮೇಲಿನ ಅರ್ಧ ಬೇರೆ ಯಾರದೋ ಮನೆಯ ಮದುಮಗಳ ಮುಖ. ಗಿರಾಕಿ ಪಕ್ಕದಲ್ಲೇ ಕುಳಿತಿದ್ದರಂತೆ. ಅಂಗಡಿಯವರು ಏನು ಸಮಜಾಯಿಷಿ ಹೇಳಿದರೋ ಗೊತ್ತಿಲ್ಲ.

ತಂಡದಲ್ಲಿ ಈಗ ಎರಡು ಪಕ್ಷ. ಎಲ್ಲವನ್ನೂ, ಸ್ಮೃತಿಯ (ಮೆಮೊರಿಯ) ಗಡಿಯನ್ನು ತಾನೇ ಕಾಯುವ ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆಯಬೇಕು ಎನ್ನುವವರು ಒಂದು ಕಡೆ, ಎರಡು ಸಾಲು ತಿದ್ದಿದರೆ ಸಾಕು ಎನ್ನುವವರು ಇನ್ನೊಂದು ಕಡೆ. ಈ ಕೆಲಸ ಮಾಡಿ ಬಲ್ಲವರು ನಿಮ್ಮ ಅಭಿಪ್ರಾಯ ತಿಳಿಸಬೇಕು.

ಹೂಟಗಳ್ಳಿ ಹಳಬ

ಪಂಚೆ ಕೆಳಗೆ, ಮುಖ ಮೇಲೆ ಬಂದದ್ದರಲ್ಲೇ ಅರ್ಧ ಉತ್ತರ ಇದೆ. ಬಿಎಂಪಿಯಲ್ಲಿ ಸಾಮಾನ್ಯವಾಗಿ ಚಿತ್ರದ ಸಾಲುಗಳು ಕೆಳಗಿನಿಂದ ಮೇಲಕ್ಕೆ ಜೋಡಣೆಯಾಗಿರುತ್ತವೆ. ಅರ್ಧ ಕಡತ ಬಂದರೆ ಕೆಳಗಿನ ಅರ್ಧವೇ ಬರುತ್ತದೆ. ಕಡತದ ಆರಂಭದ ತಲೆಬರಹದಲ್ಲಿ (ಹೆಡರ್) ಅಗಲ 4,000, ಎತ್ತರ 3,000 ಎಂದಿದ್ದರೆ, ಚುಕ್ಕೆಗೆ (ಪಿಕ್ಸೆಲ್) 3 ಬೈಟ್‌ನಂತೆ 3,60,00,000 ಬೈಟ್ ಜಾಗ ಬೇಕು. ನಿಮ್ಮ ತಂತ್ರಾಂಶ ಅಷ್ಟು ಜಾಗ ಹಿಡಿಯಿತು, ಕಡತದಲ್ಲಿ ಇದ್ದಷ್ಟನ್ನು ತುಂಬಿತು, ಉಳಿದ ಜಾಗದಲ್ಲಿ ಮೊದಲು ಏನಿತ್ತೋ ಅದನ್ನೇ ತೋರಿಸಿತು. ಹಿಂದಿನ ಗಿರಾಕಿಯ ಫೋಟೊಗೆ ಬಳಸಿದ ಜಾಗವನ್ನೇ ವೇಗಕ್ಕಾಗಿ ಮತ್ತೆ ಬಳಸುವ ಏರ್ಪಾಡು ಅಲ್ಲಿ ಇರಲೇಬೇಕು, ಹುಡುಕಿ ನೋಡಿ.

ಇದು ನಿಮ್ಮೊಬ್ಬರ ಕಥೆಯಲ್ಲ. 2017ರಲ್ಲಿ ಯಾಹೂ ಮೇಲ್‌ನಲ್ಲಿ ಇದೇ ಆಯಿತು. ಇಮೇಜ್‌ಮ್ಯಾಜಿಕ್ ಲೈಬ್ರರಿಯಲ್ಲಿ ಯಾರೂ ಬಳಸದ ಹಳೆಯ ಆರ್‌ಎಲ್‌ಇ ಚಿತ್ರ ಓದುವ ಭಾಗ, ಹಿಡಿದ ಜಾಗವನ್ನು ಒರೆಸುತ್ತಿರಲಿಲ್ಲ. ಕ್ರಿಸ್ ಇವಾನ್ಸ್ ಎಂಬ ಭದ್ರತಾ ಸಂಶೋಧಕ 18 ಬೈಟ್‌ನ ಚಿತ್ರವೊಂದನ್ನು ತನಗೇ ಮಿಂಚಂಚೆಯಲ್ಲಿ ಕಳುಹಿಸಿಕೊಂಡು ತೆರೆದರೆ, ಬೇರೆ ಬಳಕೆದಾರರ ಚಿತ್ರಗಳ ಚೂರುಗಳು ಕಾಣಿಸಿಕೊಂಡವು. ಯಾಹೂ ಆ ಲೈಬ್ರರಿಯನ್ನೇ ಕೈಬಿಟ್ಟಿತು.

ಪರಿಹಾರ ಸರಳ. ಎಷ್ಟು ಬೈಟ್ ಓದಿದೆ ಎಂಬ ಉತ್ತರವನ್ನು ಓದುವ ಫಂಕ್ಷನ್ನೇ ಹಿಂತಿರುಗಿಸುತ್ತದೆ. ಅದನ್ನು ನೋಡಿ, ಕಡಿಮೆಯಿದ್ದರೆ ಕಡತವನ್ನು ತಿರಸ್ಕರಿಸಿ. ಜಾಗವನ್ನು ಮೊದಲೇ ಬಿಳಿ ಮಾಡಿ. ಇದಕ್ಕೆ ಹೊಸ ಭಾಷೆ ಬೇಕಾಗಿಲ್ಲ.

ಬೃಂದಾವನ ಬಡಾವಣೆ

ಹಳಬರ ರೋಗನಿರ್ಣಯ ಸರಿ, ಔಷಧ ಸಾಲದು. ಈ ಕಡತ ಆಕಸ್ಮಿಕವಾಗಿ ಮುರಿದದ್ದು. ಬೇಕೆಂದೇ ಮುರಿದ ಕಡತದ ಲೆಕ್ಕ ಬೇರೆ.

ಅದೇ ಬಿಎಂಪಿ ತಲೆಬರಹ ತೆಗೆದುಕೊಳ್ಳಿ. ಅಗಲ 65,537, ಎತ್ತರ 16,384, ಚುಕ್ಕೆಗೆ 4 ಬೈಟ್ ಎಂದು ಬರೆದಿದ್ದೇನೆ ಎಂದುಕೊಳ್ಳಿ. ಗುಣಿಸಿದರೆ 429,50,32,832. 32 ಬಿಟ್ ಸಂಖ್ಯೆಯಲ್ಲಿ 429,49,67,295ರ ಮೇಲೆ ಜಾಗವಿಲ್ಲ, ಹಾಗಾಗಿ ಎಣಿಕೆ ಸುತ್ತು ಹಾಕಿ 65,536ಕ್ಕೆ ಬಂದು ನಿಲ್ಲುತ್ತದೆ. ತಂತ್ರಾಂಶ ಹಿಡಿಯುವುದು 65,536 ಬೈಟ್ ಮಾತ್ರ. ಆದರೆ ಸಾಲು ತುಂಬುವ ಲೂಪ್ ಅಗಲ ಮತ್ತು ಎತ್ತರವನ್ನು ಬೇರೆ ಬೇರೆಯಾಗಿ ನೋಡುತ್ತದೆ. ಅದಕ್ಕೆ ಈ ಸುತ್ತಿನ ಸುದ್ದಿಯೇ ತಿಳಿಯದು. ಒಂದು ಸಾಲಿಗೇ 2,62,148 ಬೈಟ್. ಮೊದಲ ಸಾಲು ಮುಗಿಯುವ ಮುನ್ನವೇ ಪಕ್ಕದ ಸ್ಮೃತಿಯ ಮೇಲೆ ಬರೆಯಲು ತೊಡಗಿರುತ್ತದೆ. ಏನನ್ನು ಬರೆಯಬೇಕು ಎಂಬುದನ್ನು ನಿರ್ಧರಿಸುವವನು ಕಡತ ಕಳುಹಿಸಿದವನು.

ಓದಿ ಸೋರುವುದು ಒಂದು, ಬರೆದು ಕೆಡಿಸುವುದು ಇನ್ನೊಂದು. 2014ರ ಹಾರ್ಟ್‌ಬ್ಲೀಡ್ ಮೊದಲ ಜಾತಿ. ಜಾಲತಾಣಗಳ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ ಬಂದ ಸಂದೇಶ ತನ್ನ ಉದ್ದ ಇಷ್ಟು ಎಂದು ತಾನೇ ಹೇಳಿಕೊಳ್ಳುತ್ತಿತ್ತು, ಸರ್ವರ್ ಪರೀಕ್ಷಿಸದೆ ಅಷ್ಟನ್ನು ಮರಳಿ ಕಳುಹಿಸುತ್ತಿತ್ತು. ಒಂದೊಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಒಳಗಿನ ಸ್ಮೃತಿ ಹೊರಗೆ ಹೋಗುತ್ತಿತ್ತು. ಲಾರಿಯವನು ಹೇಳಿದ ತೂಕವನ್ನೇ ಚೀಟಿಯಲ್ಲಿ ಬರೆದು ಕಬ್ಬಿನ ಹಣ ಕೊಡುವ ಕಾರ್ಖಾನೆ ಮಂಡ್ಯದಲ್ಲಿ ಎಷ್ಟು ದಿನ ನಡೆದೀತು? ಕಡತ ಓದುವ ಲೈಬ್ರರಿಗಳು ದಶಕಗಳಿಂದ ಹಾಗೆಯೇ ನಡೆಯುತ್ತಿವೆ.

ಒಂಟಿಕೊಪ್ಪಲು

ಮದುವೆ ಪತ್ರಿಕೆ ಮುದ್ರಿಸುವವರ ಮೇಲೆ ಯಾರು ದಾಳಿ ಮಾಡುತ್ತಾರೆ ಸ್ವಾಮಿ?

ಬೃಂದಾವನ ಬಡಾವಣೆ

ಫೋನುಗಳ ಮೇಲೆ ಬೇಹುಗಾರಿಕೆ ನಡೆಸುವ ಪೆಗಾಸಸ್ ನಿಮ್ಮ ಅಂಗಡಿಗೆ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಅದೇ ಅಂಗಡಿಯಲ್ಲಿ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರಗಳ ಸ್ಕ್ಯಾನ್ ನಡೆಯುತ್ತದಲ್ಲವೇ? ಮದುಮಗಳ ಮುಖ ಕಾಣಿಸಿದ ಜಾಗದಲ್ಲಿ ನಾಳೆ ಯಾರದೋ ಆಧಾರ್ ಕಾಣಿಸಬಹುದು.

ಪೆಗಾಸಸ್ ಹೆಸರು ಬಂದದ್ದರಿಂದ ಒಂದು ಮಾತು. ಅದನ್ನು ಐಫೋನ್‌ಗೆ ನುಗ್ಗಿಸಲು ಬಳಸಿದ, 2021ರಲ್ಲಿ ಪತ್ತೆಯಾದ ಫೋರ್ಸ್ಡ್‌ಎಂಟ್ರಿ ದಾಳಿಯ ಮೂಲ ಇದ್ದದ್ದು ಜೆಬಿಐಜಿ2ನಲ್ಲಿ, ಅಂದರೆ ಸ್ಕ್ಯಾನ್ ಮಾಡಿದ ಪುಟಗಳನ್ನು ಚಿಕ್ಕದಾಗಿಸುವ ಹಳೆಯ ವಿಧಾನದಲ್ಲಿ. ಜೆರಾಕ್ಸ್ ಯಂತ್ರದ ಕಾಲದ ಸರಕು. ಕಡತದ ಹೆಸರಿನ ಬಾಲದಲ್ಲಿ ಜಿಫ್ ಎಂದಿತ್ತು, ಒಳಗೆ ಇದ್ದದ್ದು ಪಿಡಿಎಫ್. ಐಫೋನ್ ಅದನ್ನು ತಾನಾಗಿಯೇ ಓದಲು ಹೋಯಿತು; ಬಳಕೆದಾರ ಏನನ್ನೂ ಒತ್ತಬೇಕಾಗಿರಲಿಲ್ಲ. ಎಣಿಕೆ ಸುತ್ತು ಹಾಕುವ ದೋಷದಿಂದ ಒಳಹೊಕ್ಕು, 70,000ಕ್ಕೂ ಹೆಚ್ಚು ಜೆಬಿಐಜಿ2 ಆದೇಶಗಳನ್ನು ತರ್ಕದ ಗೇಟುಗಳಂತೆ ಜೋಡಿಸಿ, ಚಿತ್ರ ಬಿಡಿಸುವ ಕೋಡಿನೊಳಗೇ ಒಂದು ಪುಟ್ಟ ಕಂಪ್ಯೂಟರ್ ಕಟ್ಟಿದ್ದರು. ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡದವರು ಅದನ್ನು ಬಿಡಿಸಿ ಬರೆದಾಗ ಓದಿ ದಂಗಾದವರಲ್ಲಿ ನಾನೂ ಒಬ್ಬಳು.

ಗುತ್ತಲು ರಸ್ತೆ ಡಿಟಿಪಿ

ನಾನು ಕೋಡ್ ಬರೆಯುವವನಲ್ಲ, ಅಂಗಡಿ ನಡೆಸುವವನು. ನನ್ನ ಎರಡು ಯಂತ್ರಗಳಲ್ಲಿ ಇನ್ನೂ ವಿಂಡೋಸ್ 7 ಇದೆ, ಏಕೆಂದರೆ ಹಳೆಯ ಪೇಜ್‌ಮೇಕರ್ ಕಡತಗಳು ಅದರಲ್ಲೇ ಸರಿಯಾಗಿ ತೆರೆಯುತ್ತವೆ. ಗಿರಾಕಿಗಳು ಫೋಟೊ ಜೊತೆಗೆ ಫಾಂಟನ್ನೂ ತರುತ್ತಾರೆ, "ಈ ಅಕ್ಷರವೇ ಬೇಕು" ಎಂದು. ನಾವೂ ಎಲ್ಲೆಲ್ಲಿಂದಲೋ ಇಳಿಸಿಕೊಂಡಿದ್ದೇವೆ. ಮೇಡಂ, ಫಾಂಟಿನಿಂದಲೂ ತೊಂದರೆಯೇ? ಅದು ಬರೀ ಅಕ್ಷರದ ಆಕಾರವಲ್ಲವೇ?

ಬೃಂದಾವನ ಬಡಾವಣೆ

ಅಣ್ಣಾ, ನೀವು ಕೇಳಿದ್ದು ಇಡೀ ಚರ್ಚೆಯಲ್ಲೇ ದೊಡ್ಡ ಪ್ರಶ್ನೆ. ಫಾಂಟು ಆಕಾರಗಳ ಪಟ್ಟಿಯಷ್ಟೇ ಅಲ್ಲ. ಒಳಗೆ ಹತ್ತಾರು ಕೋಷ್ಟಕಗಳಿರುತ್ತವೆ, ಪ್ರತಿಯೊಂದೂ ತಾನು ಎಲ್ಲಿ ಶುರು, ಎಷ್ಟು ಉದ್ದ ಎಂದು ಹೇಳಿಕೊಳ್ಳುತ್ತದೆ. ಟ್ರೂಟೈಪ್ ಫಾಂಟಿನಲ್ಲಿ ಅಕ್ಷರದ ಅಂಚನ್ನು ತಿದ್ದುವ ಸಣ್ಣ ಸಣ್ಣ ಆದೇಶಗಳೂ ಇರುತ್ತವೆ. ಹೆಚ್ಚೂಕಡಿಮೆ ಅದೊಂದು ಪ್ರೋಗ್ರಾಮ್.

ಹಳೆಯ ವಿಂಡೋಸ್ ಇದನ್ನೆಲ್ಲ ಓದುತ್ತಿದ್ದದ್ದು ಕರ್ನಲ್‌ನ ಒಳಗೆ, ಅಂದರೆ ಯಂತ್ರದ ಸಂಪೂರ್ಣ ಅಧಿಕಾರವಿರುವ ಜಾಗದಲ್ಲಿ. 2011ರಲ್ಲಿ ಡುಕು ಎಂಬ ಬೇಹುಗಾರಿಕೆಯ ತಂತ್ರಾಂಶ ವರ್ಡ್ ಕಡತದಲ್ಲಿ ಅಡಗಿಸಿಟ್ಟ ಫಾಂಟಿನ ಮೂಲಕ ಒಳಗೆ ಬಂದದ್ದು ಹೀಗೆಯೇ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ರಂದು. ಎರಡು ತಿಂಗಳು ಕಳೆದ ಸ್ವಲ್ಪದರಲ್ಲೇ, ಮಾರ್ಚ್‌ನಲ್ಲಿ, ಅಡೋಬಿ ಟೈಪ್ ಮ್ಯಾನೇಜರ್ ಲೈಬ್ರರಿಯ ಫಾಂಟ್ ದೋಷವನ್ನು ಬಳಸಿ ವಿಂಡೋಸ್ 7 ಯಂತ್ರಗಳ ಮೇಲೆ ದಾಳಿ ನಡೆದಿದೆ ಎಂದು ಮೈಕ್ರೋಸಾಫ್ಟ್ ತಾನೇ ಎಚ್ಚರಿಸಿತು. ಏಪ್ರಿಲ್‌ನಲ್ಲಿ ಬಂದ ತಿದ್ದುಪಡಿ ವಿಂಡೋಸ್ 7ರಲ್ಲಿ ಸಿಕ್ಕಿದ್ದು ಹಣ ಕೊಟ್ಟು ಬೆಂಬಲ ಮುಂದುವರಿಸಿಕೊಂಡವರಿಗೆ ಮಾತ್ರ. ವಿಂಡೋಸ್ 10 ಈ ಕೆಲಸವನ್ನು ಕರ್ನಲ್‌ನಿಂದ ಹೊರಗೆ ತಂದು ಬೇರೆ ಕೋಣೆಯಲ್ಲಿ ಇಟ್ಟಿದೆ.

ಆದ್ದರಿಂದ ಪೇಜ್‌ಮೇಕರ್ ಯಂತ್ರವನ್ನು ಇಟ್ಟುಕೊಳ್ಳಿ, ಇಂಟರ್‌ನೆಟ್ ತಂತಿ ತೆಗೆದುಬಿಡಿ. ಗಿರಾಕಿಯ ಫಾಂಟು, ಹೊಸ ಪಿಡಿಎಫ್ ಯಾವುದನ್ನೂ ಅದರಲ್ಲಿ ತೆರೆಯಬೇಡಿ. ನುಡಿ ತಂತ್ರಾಂಶವನ್ನು ಕನ್ನಡ ಗಣಕ ಪರಿಷತ್ತಿನಿಂದಲೇ ಪಡೆಯಿರಿ, ಯಾರೋ ಕೊಟ್ಟ ಜಿಪ್ ಕಡತದಿಂದ ಬೇಡ.

ಪಾಂಡವಪುರದವಳು

ನಮ್ಮ ಲಿಪಿಗಳ ಮಾತು ಬಂದಾಗ 2018ರ ಫೆಬ್ರವರಿಯ ಐಫೋನ್ ಪ್ರಕರಣವನ್ನು ಬಿಡುವ ಹಾಗಿಲ್ಲ. ತೆಲುಗು ಲಿಪಿಯ ಒಂದೇ ಒಂದು "ಜ್ಞಾ" ಸಂದೇಶದಲ್ಲಿ ಬಂದರೆ ಸಾಕು, ಅದನ್ನು ತೋರಿಸಲು ಹೋದ ಆ್ಯಪ್ ಕುಸಿದು ಬೀಳುತ್ತಿತ್ತು. ಒತ್ತಕ್ಷರ, ಸ್ವರಚಿಹ್ನೆ, ನಡುವೆ ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆ. ಈ ಸರಣಿಯನ್ನು ಜೋಡಿಸುವ ಆ್ಯಪಲ್‌ನ ಕೋಡ್ ಸ್ಮೃತಿಯನ್ನು ಕೆಡಿಸಿಕೊಳ್ಳುತ್ತಿತ್ತು. ಐಒಎಸ್ 11.2.6ರಲ್ಲಿ ಸರಿಪಡಿಸಿದರು. ಲ್ಯಾಟಿನ್ ಅಕ್ಷರಗಳನ್ನಷ್ಟೇ ಟೈಪ್ ಮಾಡಿ ಪರೀಕ್ಷಿಸುವವರಿಗೆ ಇದು ಯಾವ ಜನ್ಮದಲ್ಲೂ ಸಿಗುತ್ತಿರಲಿಲ್ಲ.

ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ ಫಜ್ಜಿಂಗ್ ಆರಿಸಿಕೊಂಡಿದ್ದೇನೆ: ಕಡತವನ್ನು ಕುರುಡಾಗಿ ತಿದ್ದಿ ತಿದ್ದಿ ಲೈಬ್ರರಿಗೆ ಉಣಿಸುವುದು, ಹೊಸ ದಾರಿಯಲ್ಲಿ ಕೋಡ್ ಓಡಿದರೆ ಆ ಕಡತವನ್ನು ಉಳಿಸಿಕೊಂಡು ಮತ್ತೆ ತಿದ್ದುವುದು. ಎಎಫ್‌ಎಲ್ ಎಂಬ ಫಜ್ಜಿಂಗ್ ಸಾಧನವನ್ನು ಬರೆದ ಮಿಹಾವ್ ಜಲೆವ್‌ಸ್ಕಿ 2014ರಲ್ಲಿ "ಹಲೋ" ಎಂಬ ಪದವಷ್ಟೇ ಇದ್ದ ಪಠ್ಯ ಕಡತದಿಂದ ಶುರು ಮಾಡಿ, ಜೆಪೆಗ್ ಎಂದರೇನೆಂದು ಹೇಳಿಕೊಡದೆಯೇ, ಸರಿಯಾದ ಜೆಪೆಗ್ ಚಿತ್ರಗಳು ಹುಟ್ಟುವಂತೆ ಮಾಡಿದ್ದರು. ಶಿವರಾಂಪೇಟೆಯವರೇ, ನಿಮ್ಮ ಬಿಎಂಪಿ ಭಾಗವನ್ನು ಸ್ಮೃತಿಯ ಗಡಿ ದಾಟುವುದನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಜೊತೆ ಕಟ್ಟಿ, ಎಎಫ್‌ಎಲ್‌ನ ಹೊಸ ರೂಪವಾದ ಎಎಫ್‌ಎಲ್++ಗೆ ಕೊಡಿ. ಓಟ ಸುಮಾರು ಅರ್ಧ ವೇಗಕ್ಕೆ ಇಳಿಯುತ್ತದೆ, ಆದರೆ ಗಡಿ ದಾಟಿದ ಸಾಲನ್ನು ಬೆರಳಿಟ್ಟು ತೋರಿಸುತ್ತದೆ. ಒಂದು ಎಚ್ಚರಿಕೆ: ಮೊದಲು ಬಂದ ಫೋಟೊ ಸೋರಿಕೆಯನ್ನು ಅದು ಹಿಡಿಯುವುದಿಲ್ಲ. ಒರೆಸದ ಸ್ಮೃತಿಯನ್ನು ಹಿಡಿಯಲು ಮೆಮೊರಿ ಸ್ಯಾನಿಟೈಜರ್ ಎಂಬ ಬೇರೆ ಸಾಧನವಿದೆ.

ನನಗೂ ಒಂದು ಸಂಶಯ. ಗೂಗಲ್ 2016ರಿಂದ ಓಎಸ್‌ಎಸ್-ಫಜ್ ಎಂಬ ಸೇವೆಯಲ್ಲಿ ನೂರಾರು ಲೈಬ್ರರಿಗಳನ್ನು ಹಗಲಿರುಳು ಹೀಗೆ ಜಾಲಾಡುತ್ತಿದೆ. ಲಿಬ್‌ವೆಬ್‌ಪಿ ಕೂಡ ಅದರಲ್ಲಿತ್ತು. ಆದರೂ 2023ರಲ್ಲಿ ಅದರಲ್ಲಿ ಬಯಲಾದ ಸ್ಮೃತಿಯ ದೋಷ ಏಕೆ ತಪ್ಪಿಸಿಕೊಂಡಿತು?

ಹೂಟಗಳ್ಳಿ ಹಳಬ

ಒಳ್ಳೆಯ ಪ್ರಶ್ನೆ ಮಗಳೇ. ಆ ಕೋಡನ್ನು ನಾನು ಕುಳಿತು ಓದಿದ್ದೇನೆ, ಹೇಳುತ್ತೇನೆ.

ನಷ್ಟವಿಲ್ಲದ ವೆಬ್‌ಪಿ ಚಿತ್ರದಲ್ಲಿ ಹಫ್‌ಮನ್ ಸಂಕೇತಗಳ (ಹೆಚ್ಚು ಬರುವ ಬೆಲೆಗೆ ಚಿಕ್ಕ ಸಂಕೇತ ಕೊಟ್ಟು ಗಾತ್ರ ಕುಗ್ಗಿಸುವ ವಿಧಾನ) ಐದೈದು ಕೋಷ್ಟಕಗಳ ಗುಂಪುಗಳಿರುತ್ತವೆ: ಹಸಿರು, ಕೆಂಪು, ನೀಲಿ, ಪಾರದರ್ಶಕತೆ, ದೂರ. ಸರಿಯಾದ ಸಂಕೇತಗಳಿಗೆ ಅತಿ ಹೆಚ್ಚೆಂದರೆ ಎಷ್ಟು ಜಾಗ ಬೇಕು ಎಂದು ಮೊದಲೇ ಲೆಕ್ಕ ಹಾಕಿ ಕೋಡಿನಲ್ಲಿ ಬರೆದಿಟ್ಟಿದ್ದರು. ಕೆಂಪು, ನೀಲಿ, ಪಾರದರ್ಶಕತೆಗೆ ತಲಾ 630, ದೂರಕ್ಕೆ 410, ಹಸಿರಿಗೆ ಕನಿಷ್ಠ 654. ಒಟ್ಟು 2,954 ಮನೆಗಳು, ಮನೆಗೆ 4 ಬೈಟ್, ಅಂದರೆ 11,816 ಬೈಟ್. ಲೆಕ್ಕ ಕರಾರುವಾಕ್ಕು. ಆದರೆ "ಸರಿಯಾದ ಸಂಕೇತ" ಎಂಬ ಷರತ್ತಿನ ಮೇಲೆ ಮಾತ್ರ. ಸಂಕೇತ ಸರಿಯಿದೆಯೇ ಎಂದು ನೋಡುತ್ತಿದ್ದದ್ದು ಕೋಷ್ಟಕವನ್ನು ತುಂಬಿಯಾದ ಮೇಲೆ. ಮೊದಲ ನಾಲ್ಕನ್ನು ನ್ಯಾಯವಾಗಿಯೇ ಗರಿಷ್ಠ ಗಾತ್ರಕ್ಕೆ ಬೆಳೆಸಿ, ಐದನೆಯದಕ್ಕೆ ಕೆಟ್ಟ ಸಂಕೇತ ಕೊಟ್ಟರೆ ಜಾಗ ಮೀರುತ್ತದೆ. ಕುರುಡಾಗಿ ತಿದ್ದುವ ಯಂತ್ರಕ್ಕೆ ಒಂದೇ ಕಡತದಲ್ಲಿ ನಾಲ್ಕು ಗರಿಷ್ಠಗಳು ಒಟ್ಟಿಗೆ ಒದಗುವುದು ದುಸ್ತರ. ಆ್ಯಪಲ್‌ನ ಭದ್ರತಾ ತಂಡ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಇದನ್ನು ವರದಿ ಮಾಡುವಷ್ಟರಲ್ಲಿ ದಾಳಿಕೋರರು ಬಳಸುತ್ತಿದ್ದರು.

ತಿದ್ದುಪಡಿಯನ್ನೂ ಗಮನಿಸಿ: ಮೊದಲು ಏನೂ ಬರೆಯದೆ ಒಮ್ಮೆ ಓಡಿ, ಬೇಕಾದ ಗಾತ್ರವನ್ನೂ ಸಂಕೇತದ ಸಿಂಧುತ್ವವನ್ನೂ ನೋಡಿಕೊಂಡು, ಆಮೇಲೆ ಬರೆಯುವುದು. ಸಿ ಭಾಷೆಯಲ್ಲೇ ಮಾಡಿದ್ದಾರೆ.

ಬೃಂದಾವನ ಬಡಾವಣೆ

ಸಿ ಭಾಷೆಯಲ್ಲೇ ಮಾಡಿದ್ದಾರೆ, ಸಾವಿರಾರು ಯಂತ್ರಗಳು ವರ್ಷಗಟ್ಟಲೆ ಜಾಲಾಡಿಯೂ ಸಿಗದ ಮೇಲೆ! ಹಳಬರೇ, ನಿಮ್ಮ ಉದಾಹರಣೆ ನನ್ನ ಪಕ್ಷಕ್ಕೇ ಮತ ಹಾಕುತ್ತಿದೆ. ಇದೇ ಕೋಡ್ ರಸ್ಟ್‌ನಲ್ಲಿದ್ದಿದ್ದರೆ 2,955ನೆಯ ಮನೆಗೆ ಬರೆಯಲು ಹೋದಾಗ ಪ್ರೋಗ್ರಾಮ್ ನಿಂತುಹೋಗುತ್ತಿತ್ತು. ಚಿತ್ರ ತೆರೆಯುತ್ತಿರಲಿಲ್ಲ, ಅಷ್ಟೇ.

ಹೂಟಗಳ್ಳಿ ಹಳಬ

ಅಂಗಡಿಯಲ್ಲಿ ಗಿರಾಕಿ ಕುಳಿತಿರುವಾಗ ನಿಂತುಹೋಗುವುದೂ ತೊಂದರೆಯೇ ತಾಯಿ. ಇಷ್ಟಕ್ಕೂ ಬಿಡುಗಡೆಯ ಆವೃತ್ತಿಯಲ್ಲಿ ರಸ್ಟ್‌ನ ಗುಣಾಕಾರವೂ ಸುಮ್ಮನೆ ಸುತ್ತು ಹಾಕುತ್ತದೆ. ಗಡಿ ಕಾಯುತ್ತದೆ ಎಂಬುದನ್ನು ಒಪ್ಪುತ್ತೇನೆ, ಲೆಕ್ಕ ಕಾಯುವುದಿಲ್ಲ. ಮೂರು ಜನರ ತಂಡ, ಹತ್ತು ವರ್ಷ ಸವೆದು ಹದವಾದ ಮುದ್ರಣದ ಕೋಡ್. ಎಲ್ಲವನ್ನೂ ಹೊಸದಾಗಿ ಬರೆಯಲು ಹೊರಟರೆ ಹಳೆಯ ದೋಷ ಹೋಗಿ ಹೊಸ ದೋಷ ಬರುತ್ತದೆ, ಮಾಘ ಮಾಸದ ಮದುವೆಗಳು ಕಾಯುವುದಿಲ್ಲ.

ಬೃಂದಾವನ ಬಡಾವಣೆ

ಎಲ್ಲವನ್ನೂ ಬರೆಯಿರಿ ಎಂದು ನಾನೂ ಹೇಳುತ್ತಿಲ್ಲ. ಆಂಡ್ರಾಯ್ಡ್‌ನವರೂ ಹಾಗೆ ಮಾಡಲಿಲ್ಲ. ಹಳೆಯದನ್ನು ಇದ್ದಂತೆ ಬಿಟ್ಟು, ಹೊಸ ಕೋಡನ್ನು ಹೆಚ್ಚಾಗಿ ಸ್ಮೃತಿ-ಸುರಕ್ಷಿತ ಭಾಷೆಗಳಲ್ಲಿ ಬರೆಯುತ್ತಾ ಹೋದರು. ಅವರ ದೋಷಗಳಲ್ಲಿ ಸ್ಮೃತಿ ಸುರಕ್ಷತೆಯ ಪಾಲು 2019ರಲ್ಲಿ ಶೇ 76 ಇದ್ದದ್ದು 2024ರಲ್ಲಿ ಶೇ 24ಕ್ಕೆ ಇಳಿಯಿತು.

ನಿಮಗೆ ಬೇಕಾದದ್ದು ಕ್ರೋಮ್ ಬ್ರೌಸರ್‌ನ ಮೂಲವಾದ ಕ್ರೋಮಿಯಂನವರ "ಎರಡರ ನಿಯಮ". ನಂಬಲಾಗದ ಕಡತ, ಅಸುರಕ್ಷಿತ ಭಾಷೆ, ಹೆಚ್ಚಿನ ಅಧಿಕಾರ. ಈ ಮೂರರಲ್ಲಿ ಎರಡು ಇರಬಹುದು, ಮೂರೂ ಒಂದೇ ಕಡೆ ಸೇರಬಾರದು. ಶಿವರಾಂಪೇಟೆಯವರ ತಂತ್ರಾಂಶದಲ್ಲಿ ಮೂರೂ ಇವೆ; ಅಂಗಡಿಗಳಲ್ಲಿ ಅದು ಅಡ್ಮಿನ್ ಖಾತೆಯಲ್ಲೇ ಓಡುತ್ತಿರುತ್ತದೆ ಎಂದು ಪಣ ಕಟ್ಟುತ್ತೇನೆ. ಗಿರಾಕಿಯ ಕಡತವನ್ನು ಬದಲಿಸಲಾಗದು. ಉಳಿದ ಎರಡರಲ್ಲಿ ಒಂದನ್ನು ಕೈಬಿಡಿ.

ಅಧಿಕಾರ ಕೈಬಿಡುವ ದಾರಿ: ಕಡತ ಓದುವ ಭಾಗವನ್ನು ಬೇರೆ ಪ್ರೊಸೆಸ್ (ತನ್ನದೇ ಸ್ಮೃತಿಯಲ್ಲಿ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮ್) ಮಾಡಿ, ಅದಕ್ಕೆ ಡಿಸ್ಕ್ ಬೇಡ, ನೆಟ್‌ವರ್ಕ್ ಬೇಡ; ಕಡತದ ಬೈಟುಗಳು ಒಳಗೆ, ಚುಕ್ಕೆಗಳು ಹೊರಗೆ. ಪ್ರತಿ ಕಡತಕ್ಕೂ ಹೊಸ ಪ್ರೊಸೆಸ್ ಆದರೆ ಹಿಂದಿನ ಗಿರಾಕಿಯ ಫೋಟೊ ಉಳಿಯುವ ಮಾತೇ ಇಲ್ಲ, ಕುಸಿದರೂ ಮುಖ್ಯ ಕಿಟಕಿ ನಿಂತಿರುತ್ತದೆ. ಹಳಬರ ಗಿರಾಕಿಯ ಚಿಂತೆಗೂ ಉತ್ತರ ಸಿಕ್ಕಿತು. ಫೈರ್‌ಫಾಕ್ಸ್ ಬ್ರೌಸರ್‌ನ 95ನೆಯ ಆವೃತ್ತಿಯಲ್ಲಿ ಗ್ರ್ಯಾಫೈಟ್, ಹನ್‌ಸ್ಪೆಲ್ ಮುಂತಾದ ಲೈಬ್ರರಿಗಳನ್ನು ವೆಬ್‌ಅಸೆಂಬ್ಲಿಯ (ಬ್ರೌಸರ್‌ಗಳಿಗೆಂದು ಮಾಡಿದ, ಗಡಿ ಕಾಯುವ ಕೋಡ್ ರೂಪ) ಮೂಲಕ ಹಾಯಿಸಿ ಇದೇ ಬಗೆಯ ಬೇಲಿಯೊಳಗೆ ಹಾಕಿದರು.

ಭಾಷೆ ಕೈಬಿಡುವ ದಾರಿ: ವಫ್ಸ್. ಗೂಗಲ್‌ನಲ್ಲಿ ಹುಟ್ಟಿದ್ದು, ಕಡತ ಓದುವುದಕ್ಕೆಂದೇ ಇರುವ ಪುಟ್ಟ ಭಾಷೆ. ಗಡಿ ದಾಟುವುದಿಲ್ಲ, ಎಣಿಕೆ ಸುತ್ತು ಹಾಕುವುದಿಲ್ಲ ಎಂದು ಬರೆದವರು ಸಾಧಿಸಿ ತೋರಿಸದಿದ್ದರೆ ಅದು ಕಂಪೈಲ್ ಆಗುವುದೇ ಇಲ್ಲ. ಹೊರಗೆ ಬರುವುದು ಸಿ ಕೋಡ್. ಬಿಎಂಪಿ, ಜಿಫ್, ಪಿಎನ್‌ಜಿ, ಜೆಪೆಗ್ ಸಿದ್ಧವಾಗಿವೆ. ಕ್ರೋಮ್ ತನ್ನ ಜಿಫ್‌ಗಳನ್ನು ಓದುವುದು ಅದರಿಂದಲೇ.

ಹೂಟಗಳ್ಳಿ ಹಳಬ

ಲೆಕ್ಕವನ್ನೂ ಕಾಯುತ್ತದೆ, ಹೊರಬರುವುದೂ ಸಿ. ಇದಕ್ಕೆ ನನ್ನ ತಕರಾರಿಲ್ಲ.

ಒಂಟಿಕೊಪ್ಪಲು

ಇಷ್ಟೆಲ್ಲ ಹೇಳುತ್ತೀರಿ, ಈ ಲೈಬ್ರರಿಗಳನ್ನು ನೋಡಿಕೊಳ್ಳುವವರಿಗೆ ಸಂಬಳ ಕೊಡುವವರು ಯಾರು? ಎಕ್ಸ್‌ಎಂಎಲ್ ಕಡತ ಓದುವ ಲಿಬ್‌ಎಕ್ಸ್‌ಎಂಎಲ್2 ಅನ್ನು ಸ್ವಯಂಸೇವೆಯಾಗಿ ನೋಡಿಕೊಳ್ಳುತ್ತಿದ್ದವರು 2025ರ ಜೂನ್‌ನಲ್ಲಿ, ಭದ್ರತಾ ದೋಷಗಳನ್ನು ಇನ್ನು ಮುಂದೆ ಬೇರೆ ದೋಷಗಳಂತೆಯೇ ನೋಡುತ್ತೇನೆ, ಗುಟ್ಟಾಗಿ ಇಟ್ಟುಕೊಂಡು ನಿಮ್ಮ ಗಡುವಿಗೆ ದುಡಿಯುವುದಿಲ್ಲ ಎಂದು ಸಾರಿದರು. ದೊಡ್ಡ ದೊಡ್ಡ ಕಂಪನಿಗಳ ಫೋನು, ಕಂಪ್ಯೂಟರುಗಳಲ್ಲಿ ಅದೇ ಲೈಬ್ರರಿ. ಅವರು ಹಾಗೆ ಹೇಳಿದ್ದು ನನಗೆ ನ್ಯಾಯವೆನಿಸಿತು. ಬೇರೆಯವರ ಲೈಬ್ರರಿಯನ್ನು ಒಳಗೆ ಕಟ್ಟಿಕೊಂಡ ಮೇಲೆ ಅದನ್ನು ಹೊಸದಾಗಿ ಇಡುವ ಹೊಣೆ ಕಟ್ಟಿಕೊಂಡವರದೇ.

ಶಿವರಾಂಪೇಟೆ ನಿವಾಸಿ

ಎಲ್ಲರಿಗೂ ಧನ್ಯವಾದ. ತಂಡ ಕುಳಿತು ಮಾತಾಡಿತು. ಸ್ವಂತ ಬಿಎಂಪಿ ಕೋಡನ್ನು ಎಸೆದು ವಫ್ಸ್ ಹಾಕುತ್ತಿದ್ದೇವೆ, ಪಿಎನ್‌ಜಿಗೂ ಅದನ್ನೇ. ಒಳಗೆ ಸಿಕ್ಕ ಲಿಬ್‌ವೆಬ್‌ಪಿ 1.3.2ಕ್ಕಿಂತ ಹಳೆಯದು, ಅಂದರೆ ಹಳಬರು ವಿವರಿಸಿದ ದೋಷ ಇದ್ದದ್ದೇ. ಅದನ್ನು ಬದಲಿಸುವುದು ಎಲ್ಲಕ್ಕಿಂತ ಮೊದಲು. ಫ್ರೀಟೈಪ್ ಮತ್ತು ಪಿಡಿಎಫ್ ಓದುವ ಭಾಗ ಸಿ ಭಾಷೆಯಲ್ಲೇ ಉಳಿಯುತ್ತವೆ, ಆದರೆ ಬೇರೆ ಪ್ರೊಸೆಸ್‌ನಲ್ಲಿ, ಅಧಿಕಾರವಿಲ್ಲದೆ. ಜೋಡಣೆ, ಬಣ್ಣ, ಮುದ್ರಣದ ಕೋಡನ್ನು ಮುಟ್ಟುತ್ತಿಲ್ಲ. ಅಡ್ಮಿನ್ ಖಾತೆಯ ಬಗ್ಗೆ ಮೇಡಂ ಕಟ್ಟಿದ ಪಣ ಗೆದ್ದಿದ್ದಾರೆ.

ತೊಡಕು ಏನೆಂದರೆ, ಐದಾರು ಅಂಗಡಿಗಳಲ್ಲಿ ಇನ್ನೂ 32 ಬಿಟ್ ಯಂತ್ರಗಳಿವೆ.

ಗುತ್ತಲು ರಸ್ತೆ ಡಿಟಿಪಿ

ಸರ್, ವಿಂಡೋಸ್ 7 ಯಂತ್ರಗಳ ತಂತಿ ತೆಗೆದೆ. ಹೊಸ ಆವೃತ್ತಿ ಬಂದಾಗ ಬೇರೆ ಯಂತ್ರದಲ್ಲಿ ಹಾಕಿಕೊಡಿ. ಗಿರಾಕಿಯ ಫಾಂಟು ಬೇಡ ಎಂದರೆ ಕೆಲವರು ಪಕ್ಕದ ಅಂಗಡಿಗೆ ಹೋಗುತ್ತಾರೆ, ಅದನ್ನು ತೆರೆಯಲು ಏನಾದರೂ ದಾರಿ ಇರಲಿ.

ಬೃಂದಾವನ ಬಡಾವಣೆ

ಇದೆ. ಫಾಂಟನ್ನು ಯಂತ್ರಕ್ಕೆ ಇನ್‌ಸ್ಟಾಲ್ ಮಾಡದೆ, ಹೊಸ ಆವೃತ್ತಿಯ ಆ ಬೇಲಿಯೊಳಗಿನ ಪ್ರೊಸೆಸ್‌ಗೇ ಕೊಟ್ಟರೆ ಅಕ್ಷರಗಳು ಚಿತ್ರವಾಗಿ ಹೊರಬರುತ್ತವೆ. ಪತ್ರಿಕೆಯ ಹೆಸರು, ಮುಹೂರ್ತದ ಸಾಲಿಗೆ ಅಷ್ಟು ಸಾಕು. ಶಿವರಾಂಪೇಟೆಯವರೇ, ಆ ಗುಂಡಿಯನ್ನು ಮೆನುವಿನಲ್ಲಿ ಕಾಣುವಂತೆ ಇಡಿ.

ಹೂಟಗಳ್ಳಿ ಹಳಬ

32 ಬಿಟ್ ಯಂತ್ರಗಳ ಬಗ್ಗೆ: ಅಲ್ಲಿ ಜಾಗ ಕೇಳುವ ಸಂಖ್ಯೆಯೇ 32 ಬಿಟ್, ಆದ್ದರಿಂದ ಮೇಡಂ ಹೇಳಿದ 65,537ರ ಲೆಕ್ಕ ನಿಜವಾಗಿಯೂ ಸುತ್ತು ಹಾಕುತ್ತದೆ. ವಫ್ಸ್ ತಾನಾಗಿ ಜಾಗ ಹಿಡಿಯುವುದಿಲ್ಲ, ನೀವೇ ಹಿಡಿದು ಕೊಡಬೇಕು. ಅಂದರೆ ಆ ಗುಣಾಕಾರ ಇನ್ನೂ ನಿಮ್ಮ ಕೋಡಿನಲ್ಲೇ ಇದೆ. ಗುಣಿಸುವ ಮುನ್ನ, ಗರಿಷ್ಠ ಸಂಖ್ಯೆಯನ್ನು ಭಾಗಿಸಿ ಗುಣಲಬ್ಧ ಅದರೊಳಗೆ ಹಿಡಿಯುತ್ತದೆಯೇ ನೋಡಿ, ಅಗಲ ಎತ್ತರಗಳಿಗೆ ಒಂದು ಮಿತಿಯನ್ನೂ ಹಾಕಿ. 65,537 × 16,384 ತಲೆಬರಹದ ಬಿಎಂಪಿ ಒಂದನ್ನು ಪರೀಕ್ಷೆಯ ಕಡತಗಳ ಜೊತೆ ಇಟ್ಟು, ಪ್ರತಿ ಬಿಡುಗಡೆಗೂ ಮೊದಲು 32 ಬಿಟ್ ಆವೃತ್ತಿಯಲ್ಲಿ ಓಡಿಸಿ. ಪಾಂಡವಪುರದ ಹುಡುಗಿ ಒಪ್ಪಿದರೆ ಫಜ್ಜಿಂಗ್‌ನ ಮೊದಲ ಬೀಜಕ್ಕೆ, ಅಂದರೆ ತಿದ್ದಲು ಶುರು ಮಾಡುವ ಮೂಲ ಕಡತಕ್ಕೆ, ಆ ಅರ್ಧ ಕಾಪಿಯಾದ ಕಡತವನ್ನೇ ಕೊಡಿ, ವರನ ಫೋಟೊ ಇರುವ ಭಾಗ ಅಳಿಸಿ.

ಪಾಂಡವಪುರದವಳು

ಒಪ್ಪಿದೆ. ತಲೆಬರಹದ 54 ಬೈಟ್ ಮತ್ತು ಒಂದೆರಡು ಸಾಲು ಚುಕ್ಕೆಗಳಿದ್ದರೆ ಸಾಕು. ಬೀಜ ಚಿಕ್ಕದಿದ್ದಷ್ಟೂ ವೇಗ. ಬೇಲಿಯೊಳಗಿನ ಪ್ರೊಸೆಸ್‌ನ ಮಾತುಕತೆಯ ಭಾಗವನ್ನೂ ಕಳುಹಿಸಿ. ಅದೂ ಉದ್ದ ಹೇಳಿ ಬೈಟ್ ಕಳುಹಿಸುವ ಒಂದು ಸ್ವರೂಪವೇ ಅಲ್ಲವೇ, ಅದನ್ನೂ ಜಾಲಾಡುತ್ತೇನೆ.